ಅಂಕಿಗೆ ಅಡ್ಡಹೆಸರು ಕೇಳಿದ ಛಾಯಾಬಾಯಿ

ಕೊಲ್ಲಾಪುರದಲ್ಲಿ ಚಿತ್ರವನ್ನು ಕಾಗದಕ್ಕೆ ಇಳಿಸುವವರು ಬಹಳ ಜನ ಇದ್ದಾರೆ, ಇಚಲಕರಂಜಿಯಲ್ಲಿ ಬಟ್ಟೆಗೆ ಇಳಿಸುವವರು ಅದಕ್ಕಿಂತಲೂ ಹೆಚ್ಚು ಇದ್ದಾರೆ. ಆದರೆ ಕಂಪ್ಯೂಟರಿನ ಪರದೆಯಿಂದ ಹೊರಟ ಒಂದು ಚಿತ್ರ ಕಾಗದಕ್ಕೋ ಫ್ಲೆಕ್ಸಿಗೋ ಮಗ್ಗಕ್ಕೋ ಹೋಗಿ ಮುಟ್ಟುವ ತನಕ, ದಾರಿಯಲ್ಲಿ ಅದರ ಅಳತೆ ಕೆಡದಂತೆ ಕಾಯುವುದು ಹೇಗೆಂದು ಎರಡೂ ಕಸುಬಿನವರಿಗೆ ಕೂಡಿಸಿ ಕಲಿಸಿದವರು ಯಾರು ಎಂದು ಈ ಎರಡು ಊರುಗಳಲ್ಲಿ ಕೇಳಿದರೆ, ಹಳೆಯ ಪ್ರೆಸ್ಸಿನವರೂ ಹೊಸ ಕಾರಖಾನೆಯವರೂ ಹೇಳುವ ಹೆಸರು ಒಂದೇ: ಶ್ರೀಮತಿ ಛಾಯಾ ಬಾಪೂಸಾಹೇಬ ಮಗದುಮ್. ಇಚಲಕರಂಜಿಯ ನೇಯ್ಗೆ ತರಬೇತಿ ಕೇಂದ್ರದಲ್ಲಿ ಚಿತ್ರವಿನ್ಯಾಸದ ಶಿಕ್ಷಕಿಯಾಗಿ ದೀರ್ಘಕಾಲ ದುಡಿದು ಈ ವರ್ಷ ನಿವೃತ್ತರಾದ ಅವರನ್ನು ಎಲ್ಲರೂ ಕರೆಯುವುದು ಛಾಯಾಬಾಯಿ ಎಂದು. ಎದುರಿಗೆ ನಿಂತಾಗ ‘ಬಾಯಾರ’ ಎಂದು. ಅವರ ಗೌರವಕ್ಕಾಗಿ ಹೊರಡುತ್ತಿರುವ ಈ ಗ್ರಂಥದಲ್ಲಿ ಪಂಡಿತರು ಅವರ ವಿದ್ಯೆಯನ್ನು ಕುರಿತು ಬರೆಯುತ್ತಾರೆ. ಮಗ್ಗದ ನಡುವೆ ಬದುಕಿದವರಿಗೆ ಕಂಡ ಛಾಯಾಬಾಯಿಯವರನ್ನು ಕುರಿತು ನಾಲ್ಕು ಮಾತು ಇಲ್ಲಿವೆ.

ಅವರು ಹುಟ್ಟಿದ್ದು ಶಿರೋಳ ತಾಲೂಕಿನ ಅಕಿವಾಟದಲ್ಲಿ, ಬೇಸಾಯದ ಜೈನ ಮನೆತನದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹೊಲದಲ್ಲಿ ಎರಡೂ. ತಂದೆ ಬಾಪೂಸಾಹೇಬರು ಟೊಮ್ಯಾಟೊ ಸಸಿ ಹಚ್ಚುವಾಗ ಗಂಟು ಹಾಕಿದ ಒಂದು ಉದ್ದನೆಯ ಹಗ್ಗವನ್ನು ಸಾಲಿಗೆ ಎಳೆದು ಕಟ್ಟುತ್ತಿದ್ದರು; ಗಂಟಿಗೊಂದು ಸಸಿ. ಹಗ್ಗದ ಇನ್ನೊಂದು ತುದಿ ಹಿಡಿಯುವ ಕೆಲಸ ಛಾಯಾ ಅವರದು. ಎಕರೆಗೆ ಎಷ್ಟು ಸಸಿ ಬೇಕು, ಗುಂಟೆಗೆ ಎಷ್ಟು ಬೇಕು ಎಂದು ತಂದೆ ಕೇಳುತ್ತಿದ್ದರು, ಮಗಳು ನಡೆಯುತ್ತಲೇ ಲೆಕ್ಕ ಹೇಳುತ್ತಿದ್ದಳು. ಮುಂದೆ ಚಿತ್ರದ ಬಿಂದುಗಳನ್ನು ಇಂಚಿನ ಲೆಕ್ಕದಿಂದ ಸೆಂಟಿಮೀಟರಿನ ಲೆಕ್ಕಕ್ಕೆ ತರುವಾಗ ಗುಣಿಸಬೇಕೋ ಭಾಗಿಸಬೇಕೋ ಎಂದು ವಿದ್ಯಾರ್ಥಿಗಳು ತಡವರಿಸಿದಾಗಲೆಲ್ಲ ಬಾಯಿಯವರು ಈ ಹೊಲವನ್ನೇ ನೆನೆಸುತ್ತಿದ್ದರು.

“ಎಕರೆದಾಗ ಸಸಿ ಹೆಚ್ಚ ಹಿಡಿತಾವೋ ಗುಂಟೆದಾಗೋ?” ಎಂದು ಕೇಳುವರು.

“ಎಕರೆದಾಗ್ರಿ.”

“ಹಂಗಾರ ಇಂಚ ದೊಡ್ಡ ಹೊಲಾ, ಸೆಂಟಿಮೀಟರ ಸಣ್ಣ ಹೊಲಾ. ಸಣ್ಣ ಹೊಲಕ್ಕ ಹೋಗುವಾಗ ಎರಡೂವರಿ ಮ್ಯಾಲೊಂದ ಚೂರಲೆ ಭಾಗಸ್ರಿ, ದೊಡ್ಡದಕ್ಕ ಬರುವಾಗ ಗುಣಸ್ರಿ. ಇದಕ್ಕ ಇಂಜಿನಿಯರ ಆಗಬೇಕಂತ ಏನಿಲ್ಲ.”

ಎರಡೂವರೆಯ ಮೇಲಿನ ಆ ಚೂರನ್ನು ಮಾತ್ರ ಅವರು ಬಿಡಲು ಕೊಡುತ್ತಿರಲಿಲ್ಲ. ಎರಡು ಪಾಯಿಂಟ್ ಐದು ನಾಲ್ಕು ಎಂದು ಪೂರಾ ಬರೆಸುತ್ತಿದ್ದರು. ಮೊಳ ಬಟ್ಟೆಯಲ್ಲಿ ಕಾಣದ ಚೂರು ತಾಗಾದ ತುದಿಗೆ, ಅಂದರೆ ಬಟ್ಟೆಯ ಇಡೀ ಸುರುಳಿ ಮುಗಿಯುವ ಹೊತ್ತಿಗೆ, ಗೇಣುದ್ದ ಆಗಿರುತ್ತದೆ ಎಂಬುದು ಅವರ ಅನುಭವ.

ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಅವರು ಮೊದಲು ಕೆಲಸಕ್ಕೆ ಸೇರಿದ್ದು ಕೊಲ್ಲಾಪುರದ ಒಂದು ಪ್ರೆಸ್ಸಿಗೆ. ಫಿಲ್ಮು ಕತ್ತರಿಸಿ ಅಂಟಿಸುವ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂದದ್ದು ಅವರ ಕಣ್ಣೆದುರಿಗೇ. ಮದುವೆಯ ಆಮಂತ್ರಣ, ಗಣಪತಿ ಮಂಡಳದ ರಸೀದಿ, ಕುಸ್ತಿಯ ಪೋಸ್ಟರು, ಎಲ್ಲಕ್ಕೂ ಗಿರಾಕಿಗಳು ಕೈಗೆ ಸಿಕ್ಕ ಫೋಟೋ ತಂದು ಕೊಟ್ಟು, ಎಲ್ಲೋ ಕೇಳಿಕೊಂಡು ಬಂದ ಒಂದು ಮಾತನ್ನು ಜೊತೆಗೆ ಹೇಳುತ್ತಿದ್ದರು: ಡಿಪಿಐ, ಅಂದರೆ ಇಂಚಿಗೆ ಬರುವ ಬಿಂದು, ಮುನ್ನೂರು ಮಾಡಿ. ಮುರಗೂಡದ ವಿಜಯ ಎಂಬ ಪೈಲವಾನರು ತಮ್ಮ ಪಾಸ್‌ಪೋರ್ಟ್ ಫೋಟೋ ಒಂದನ್ನು ಹಿಡಿದು ಬಂದು, ಆಳೆತ್ತರದ ಫ್ಲೆಕ್ಸು ಬೇಕು, ಅದೂ ಮುನ್ನೂರು ಡಿಪಿಐನಲ್ಲೇ ಬೇಕು ಎಂದು ಹಟ ಹಿಡಿದರು. ಬೇರೆಯವರಾಗಿದ್ದರೆ ಅಂಕಿಯ ಜಾಗದಲ್ಲಿ ಮುನ್ನೂರು ಎಂದು ಒತ್ತಿ, ಆಯಿತು ಎಂದು ಕಳಿಸುತ್ತಿದ್ದರು. ಛಾಯಾಬಾಯಿ ಅವರನ್ನು ಕೂರಿಸಿ ಚಹಾ ತರಿಸಿದರು.

“ನೋಡ್ರಿ ಪೈಲವಾನರ, ಒಂದ ಬೊಗಸಿ ಶೇಂಗಾ ಐತಿ. ತಾಟಿನ್ಯಾಗ ಹರವಿದ್ರ ತುಂಬಿ ಕಾಣತಾವ, ಕಣದಾಗ ಹರವಿದ್ರ ನಡುವ ನೆಲಾ ಕಾಣತದ. ಕಣಕ್ಕ ತಾಟ ಅಂತ ಹೆಸರಿಟ್ರ ಶೇಂಗಾ ಹೆಚ್ಚ ಆಗತಾವೇನು?”

“ಹಂಗಾರ ನನ್ನ ಫೋಟೋ ದೊಡ್ಡದ ಆಗೂದ ಇಲ್ಲನ್ರಿ?”

“ಆಗತದ. ನೋಡಾವ್ರು ಎಲ್ಲೆ ನಿಂತ ನೋಡತಾರ ಹೇಳ್ರಿ.”

“ರಸ್ತಾದ ಆಚಿ ಕಡಿಂದ.”

“ಹಂಗಾರ ಇಂಚಿಗಿ ಮೂವತ್ತ ಬಿಂದು ಸಾಕು. ಅಷ್ಟ ನಿಮ್ಮ ಫೋಟೋದಾಗ ಅದಾವ.”

“ಮತ್ತ ಯಾರರ ಹತ್ತರ ಬಂದ ನೋಡಿದ್ರ?”

“ಹತ್ತರ ಬಂದವ್ರಿಗಿ ನೀವ ಅದೀರೆಲ್ಲ, ಕೈ ಕೊಡ್ರಿ.”

ಪೈಲವಾನರು ನಕ್ಕು ಒಪ್ಪಿದರು. ಆ ಫ್ಲೆಕ್ಸು ಬಿಸಿಲಿಗೆ ಬಣ್ಣ ಹೋಗುವ ತನಕ ಮುರಗೂಡದ ಬಾಜಾರಿನಲ್ಲಿ ನಿಂತಿತ್ತು. ಇಲ್ಲದ್ದನ್ನು ಅಂಕಿ ಬದಲಿಸಿ ತರಲಾಗುವುದಿಲ್ಲ ಎಂದು ಹೇಳುವುದು ಯಾರಿಗಾದರೂ ಆಗುತ್ತದೆ. ಇದ್ದದ್ದು ಎಲ್ಲಿ ಸಾಕಾಗುತ್ತದೆ ಎಂದು ಹುಡುಕಿ ಕೊಡುವುದು ಬಾಯಿಯವರ ಗುಣ.

ಆ ಗುಣವನ್ನು ಕಂಡೇ ಇಚಲಕರಂಜಿಯ ತರಬೇತಿ ಕೇಂದ್ರದವರು ಅವರನ್ನು ಕರೆಸಿಕೊಂಡದ್ದು. ಇಲ್ಲಿಯ ಲೆಕ್ಕ ಕಾಗದದ ಲೆಕ್ಕಕ್ಕಿಂತ ತುಸು ಜಟಿಲ. ಬಟ್ಟೆಯಲ್ಲಿ ಚಿತ್ರದ ಒಂದು ಬಿಂದು ಎಂದರೆ ಹಾಸಿನ ಒಂದು ಎಳೆಯೂ ಹೊಕ್ಕಿನ ಒಂದು ಎಳೆಯೂ ಕೂಡುವ ಜಾಗ. ಹಾಸಿನಲ್ಲಿ ಇಂಚಿಗೆ ಅರವತ್ತು ಎಳೆ ಇರಬಹುದು, ಹೊಕ್ಕಿನಲ್ಲಿ ನಲವತ್ತೇ ಇರಬಹುದು. ಆದ್ದರಿಂದ ಪರದೆಯ ಮೇಲೆ ಗುಂಡಗೆ ಬರೆದದ್ದು ಬಟ್ಟೆಯಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಬಟ್ಟೆಯಲ್ಲಿ ಗುಂಡಗೆ ಬರಬೇಕೆಂದರೆ ಪರದೆಯ ಮೇಲೆ ಅದನ್ನು ಚಪ್ಪಟೆಯಾಗಿಯೇ ಬರೆಯಬೇಕು. ಹೀಗಾಗಿ ಈ ಊರಿನ ನೇಕಾರರಿಗೆ ಸೊಟ್ಟ ಚಿತ್ರ ನೋಡಿ ರೂಢಿ. ಸೊಟ್ಟ ಕಂಡರೆ ಯಾರೂ ಗಾಬರಿಯಾಗುವುದಿಲ್ಲ, “ಬಟ್ಟಿಗಿ ಬಂದ ಮ್ಯಾಲ ಸರಿ ಆಗತದ” ಎನ್ನುತ್ತಾರೆ.

ಮೊದಲ ದಿನದ ಪಾಠಕ್ಕೆ ಬಾಯಿಯವರು ಸುಣ್ಣದ ಕಡ್ಡಿ ಮುಟ್ಟುತ್ತಿರಲಿಲ್ಲ. ಕೈಯ ಬಳೆ ತೆಗೆದು ಮೇಜಿನ ಮೇಲಿಟ್ಟು, “ಇದು ಎರಡು-ಆರರ ಬಳಿ. ಇದರ ಅಳತಿ ಒಂದ ಚಕ್ರಾ ಬರೀರಿ” ಎನ್ನುತ್ತಿದ್ದರು. ವಿದ್ಯಾರ್ಥಿಗಳು ಎರಡು ಪಾಯಿಂಟ್ ಆರು ಇಂಚೆಂದು ಕಂಪ್ಯೂಟರಿಗೆ ಕೊಟ್ಟು ಚಕ್ರ ತೆಗೆದು ಕಾಗದಕ್ಕೆ ಇಳಿಸಿದರೆ, ಬಳೆ ಅದರೊಳಗೆ ಸಡಿಲವಾಗಿ ಆಡುತ್ತಿತ್ತು. ಯಾಕೆಂದರೆ ಬಳೆಗಾರರ ಆರು ಎಂದರೆ ಇಂಚಿನ ಹದಿನಾರು ಪಾಲಿನಲ್ಲಿ ಆರು. ದಿನಾ ಬಳೆ ತೊಡುವ ಹುಡುಗಿಯರೂ ಅದನ್ನು ಮೊದಲ ಸಲ ಕೇಳುತ್ತಿದ್ದರು.

“ಅಂಕಿ ಬಂತು, ಅದರ ಅಡ್ಡಹೆಸರ ಬರಲಿಲ್ಲ” ಎನ್ನುವರು ಬಾಯಿಯವರು. “ನಮ್ಮ ಕಡೆ ಯಾರರ ಹೆಸರ ಹೇಳಿದ್ರ ಮುಂದಿನ ಮಾತ ಏನು? ಅಡ್ಡಹೆಸರ ಏನ್ರಿ ಅಂತ. ಅದನ್ನ ಕೇಳಿದ ಮ್ಯಾಲ ಯಾವ ಊರು, ಯಾರ ಮನಿ ಅಂತ ತಿಳಿತದ. ಅಂಕಿಗೂ ಹಂಗ ಕೇಳ್ರಿ. ಇಂಚಿನ ಮನಿಯಾವೋ, ಸೆಂಟಿಮೀಟರಿನ ಮನಿಯಾವೋ?”

ಇದರಿಂದ ಕೇಂದ್ರದಲ್ಲಿ ಒಂದು ಪದ್ಧತಿ ಬೆಳೆಯಿತು. ಹೊಸ ಚಿತ್ರ ನೇಯುವ ಮೊದಲು ಮಾದರಿಯ ತುಂಡಿನಲ್ಲಿ ಬಾಯಿಯವರ ಬಳೆಯಳತೆಯ ಒಂದು ಚಕ್ರ ನೇಯುವುದು, ಬಳೆ ತಂದು ಮೇಲಿಟ್ಟು ನೋಡುವುದು, ಕೂಡಿದರೆ ಮುಂದುವರಿಯುವುದು. ಕಲಿತು ಹೋದವರು ಅದನ್ನು ಕಾರಖಾನೆಗಳಿಗೂ ಒಯ್ದರು.

ಇಷ್ಟೆಲ್ಲ ಕಲಿಸಿದ ಬಾಯಿಯವರಿಗೇ ಒಂದು ಸಲ ಪರೀಕ್ಷೆ ಬಂತು. ಅವರನ್ನು ಬರೀ ಹೊಗಳಿ ಬಿಡುವುದಕ್ಕಿಂತ ಅದನ್ನು ಹೇಳುವುದು ಲೇಸು, ಯಾಕೆಂದರೆ ಬಾಯಿಯವರು ತಾವೇ ಅದನ್ನು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತ ಬಂದಿದ್ದಾರೆ.

ಕರೋನಾ ಬರುವುದಕ್ಕೆ ಮುಂಚಿನ ಮಾತು. ಸುಕುಮಾರ ಖೋತ ಎಂಬ ಕಾರಖಾನೆದಾರರು ವಿದೇಶದ ಒಂದು ದೊಡ್ಡ ನೇಯ್ಗೆ ಮಶೀನನ್ನು, ಬೇರೆಯವರು ಬಳಸಿದ್ದಾದರೂ ಒಳ್ಳೆಯದೆಂದು, ತರಿಸಿದರು. ಕೊಳ್ಳುವ ಮೊದಲು ಬಾಯಿಯವರ ಸಲಹೆ ಕೇಳಿದ್ದರು, ಆದ್ದರಿಂದ ದಸರೆಗೆ ಅದರ ಪೂಜೆಯನ್ನೂ ಅವರ ಕೈಯಿಂದಲೇ ಮಾಡಿಸಿದರು. ಮೊದಲ ಕೆಲವು ತಿಂಗಳು ಅದರ ಮೇಲೆ ಚಿತ್ರವಿಲ್ಲದ ಸಾದಾ ಬಟ್ಟೆಯನ್ನೇ ನೇಯುತ್ತಿದ್ದರು. ಅದೇ ಕಾರಖಾನೆಯ ಮೇಲಿನ ಕೋಣೆಯಲ್ಲಿ ಚಿತ್ರ ಮಾಡುವ ಕೆಲಸಕ್ಕೆ ಆಗಷ್ಟೇ ಸೇರಿದವಳು ರೂಪಾಲಿ. ಅವಳ ತಾಯಿ ಚೆನ್ನವ್ವ ರಾಯಬಾಗ ಕಡೆಯಿಂದ ಬಂದವಳು, ಕೆಳಗಿನ ಶೆಡ್ಡಿನಲ್ಲಿ ಹಳೆಯ ಮಗ್ಗ ನಡೆಸುವವಳು. ಮಗಳನ್ನು ಬಾಯಿಯವರ ತರಗತಿಗೆ ಕಳಿಸಿ, ಅದೇ ಕಾರಖಾನೆಯ ಮೆಟ್ಟಿಲು ಹತ್ತಿಸಿದ್ದಳು.

ಹತ್ತಿರದ ಒಂದು ಹಳ್ಳಿಯ ಬಸದಿಯಲ್ಲಿ ಪಂಚಕಲ್ಯಾಣ ಪೂಜೆ ಇತ್ತು. ಬಂದ ಹಿರಿಯರಿಗೆ ಹೊದಿಸಲು ಶಾಲುಗಳು ಬೇಕಿದ್ದವು. ನಡುವೆ ಕಲಶ ಹೊತ್ತ ಆನೆ, ಅಂಚಿಗೆ ಸಣ್ಣ ಸಣ್ಣ ಚಕ್ರ. ರೂಪಾಲಿ ಕಲಿತ ರೂಢಿಯಂತೆ ಅಂಚಿನ ಚಕ್ರಗಳನ್ನು ಬಾಯಿಯವರ ಬಳೆಯಳತೆಗೇ ಮಾಡಿದಳು. ಹೊಕ್ಕಿನ ಎಳೆ ಎಷ್ಟೆಂದು ತಿಳಿಯಬೇಕಾಗಿ ಮೆಟ್ಟಿಲ ಮೇಲಿಂದ ಕೂಗಿ, ಕೆಳಗಿನ ಕೆಲಸ ನೋಡಿಕೊಳ್ಳುವ ಮುಕಾದಮ ಭರಮಪ್ಪನನ್ನು ಕೇಳಿದಳು.

“ಮಾಮಾ, ಹೊಸಾ ಮಶೀನಿಗಿ ಪಿಕ್ಕ ಎಷ್ಟ ಇಟ್ಟೀರಿ?”

ಭರಮಪ್ಪ ಮಶೀನಿನ ಫಲಕ ನೋಡಿ, “ಇಪ್ಪತ್ನಾಕು” ಎಂದು ಕೂಗಿ ಹೇಳಿದ.

ಇಚಲಕರಂಜಿಯಲ್ಲಿ ಯಾರೂ ಪಿಕ್ಕಿನ ಅಂಕಿಗೆ ಇಂಚು ಎಂದು ಸೇರಿಸಿ ಹೇಳುವುದಿಲ್ಲ. ಅಜ್ಜನ ಕಾಲದಿಂದ ಎಲ್ಲ ಮಗ್ಗಗಳೂ ಇಂಚಿನವೇ, ಹೇಳಿ ಬಾಯಿ ಯಾಕೆ ದಣಿಸಬೇಕು? ದಪ್ಪ ಹೊಕ್ಕಿನ ಶಾಲಿಗೆ ಇಂಚಿಗೆ ಇಪ್ಪತ್ನಾಲ್ಕು ಇರುವುದೂ ಹೊಸದಲ್ಲ. ರೂಪಾಲಿ ಹಾಸಿನ ಎಳೆ ಅರವತ್ತು, ಹೊಕ್ಕಿನದು ಇಪ್ಪತ್ನಾಲ್ಕು ಎಂದು ಹಿಡಿದು ಚಿತ್ರವನ್ನು ಅಷ್ಟಕ್ಕೆ ತಕ್ಕಂತೆ ಚಪ್ಪಟೆ ಮಾಡಿ ಕಳಿಸಿದಳು. ಪೂಜೆ ಹತ್ತಿರ ಬಂದಿದೆ, ಮಾದರಿ ತುಂಡು ಬೇಡ, ನೇರ ನೇಯಲು ಹಚ್ಚಿ ಎಂದರು ಸುಕುಮಾರರು. ಆನೆ ಚಪ್ಪಟೆಯಾಗಿ ಬರುತ್ತಿರುವುದು ಭರಮಪ್ಪನ ಕಣ್ಣಿಗೆ ಬಿದ್ದಿತ್ತು. ಮಶೀನಿಂದ ಇಳಿದ ಮೇಲೆ ಸರಿ ಆಗುತ್ತದೆ ಎಂದುಕೊಂಡ. ತಾಗಾ ಇಳಿಯಿತು. ಸರಿ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಛಾಯಾಬಾಯಿ ಕೇಂದ್ರಕ್ಕೆ ಹೊರಡುವ ಹೊತ್ತಿಗೆ ಚೆನ್ನವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

“ಮಾಲಕರು ರೂಪಾಲಿನ ಕೆಳಗ ಮಗ್ಗಕ್ಕ ನಿಲ್ಲು ಅಂದಾರ್ರಿ ಬಾಯಾರ. ಮಗ್ಗಾ ನಡಸೂದ ಕೀಳ ಅಂತಲ್ಲ, ನಾ ಅದರ ಮ್ಯಾಲ ಮನಿ ನಡಸೇನಿ. ಆದ್ರ ತಪ್ಪ ಮಾಡ್ಯಾಳ ಅನ್ನಿಸ್ಕೊಂಡ ಕೆಳಗ ಇಳದ್ರ ಮತ್ತ ಆ ಮೆಟ್ಟಲಾ ಹತ್ತೂದಿಲ್ಲ ಆಕಿ. ನಾ ಬಲ್ಲೆ ನನ್ನ ಮಗಳನ್ನ.”

“ಬರತೇನಿ ನಡಿ” ಎಂದರು ಬಾಯಿ. “ಆದ್ರ ಈಗ ಹೇಳತೇನಿ ಚೆನ್ನವ್ವ, ತಪ್ಪ ಆಕಿದ ಇದ್ರ ಆಕಿದ ಅಂತನ ಹೇಳಾಕಿ ನಾ. ಆವಾಗ ಸಿಟ್ಟಾಗಬ್ಯಾಡ.”

“ನಿಮ್ಮ ಬಾಯಿಲೆ ಹೇಳ್ರಿ, ಕೇಳಾಕ ತಯಾರದೇನಿ.”

ಕಾರಖಾನೆಯಲ್ಲಿ ಸುಕುಮಾರರು ತಾಗಾವನ್ನು ಮೇಜಿನ ಮೇಲೆ ಹರಡಿಸಿ ಕಾಯುತ್ತಿದ್ದರು. ರೂಪಾಲಿ ಗೋಡೆಗೆ ಅಂಟಿ ನಿಂತಿದ್ದಳು.

“ನೋಡ್ರಿ ಬಾಯಾರ, ನಿಮ್ಮ ಶಿಷ್ಯಾಳ ಆನಿ” ಎಂದರು ಸುಕುಮಾರರು. “ಆನಿ ಐತೇನ ಇದು? ಪಂಚಗಂಗಾದಾಗ ಮಲಗಿದ ಎಮ್ಮಿ ಐತಿ. ಇದನ್ನ ಹಿರಿಯಾರಿಗಿ ಹೊಚ್ಚಲಿ ನಾ?”

ಬಾಯಿಯವರಿಗೂ ಅದು ಎಮ್ಮೆಯಂತೆಯೇ ಕಂಡಿತು. ಸೊಂಡಿಲು ನೀರಿನ ಮೇಲೆ ಚಾಚಿದ ಮೂತಿಯಂತೆ, ಕಲಶ ಬೆನ್ನ ಮೇಲೆ ಕೂತ ಕೊಕ್ಕರೆಯಂತೆ. ನಗು ಬಂದರೂ ತಡೆದುಕೊಂಡರು, ಹುಡುಗಿಯ ಮುಖ ನೋಡಿ. ಕೈಯ ಬಳೆ ತೆಗೆದು ಅಂಚಿನ ಒಂದು ಚಕ್ರದ ಮೇಲಿಟ್ಟರು. ಎಡಕ್ಕೂ ಬಲಕ್ಕೂ ಬಳೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಮೇಲೆ ಕೆಳಗೆ ಮಾತ್ರ ಬಳೆಯೊಳಗೆ ಬರೀ ಬಟ್ಟೆ, ಚಕ್ರ ನಡುವೆ ಕಣ್ಣಿನ ಹಾಗೆ ಮುಚ್ಚಿಕೊಂಡಿತ್ತು. ಅಂದರೆ ಹಾಸಿನ ಲೆಕ್ಕ ಸರಿ ಇದೆ, ಕೆಟ್ಟದ್ದು ಹೊಕ್ಕಿನದು. ಎಳೆ ಎಣಿಸುವ ಭೂತಗನ್ನಡಿ ಇಟ್ಟು ಹೊಕ್ಕನ್ನು ಎಣಿಸಿದರು. ಇಂಚಿಗೆ ಅರವತ್ತೊಂದು.

“ಮಾಮಾ ಇಪ್ಪತ್ನಾಕ ಅಂದಿದ್ರು” ಎಂದಳು ರೂಪಾಲಿ, ಕೆಳಗೆ ನೋಡುತ್ತ.

“ನಾ ಎಲ್ಲೆ ಅಂದ್ನೆವಾ, ಮಶೀನ ಅಂದೈತಿ” ಎಂದ ಭರಮಪ್ಪ. “ಬರ್ರಿ, ಎಲ್ಲಾರೂ ನೋಡ್ರಿ. ನನಗ ಸುಳ್ಳ ಹೇಳಿ ಏನ ಆಗಬೇಕಾಗೈತಿ?”

ಎಲ್ಲರೂ ಮಶೀನಿನ ಹತ್ತಿರ ಹೋದರು. ಫಲಕದ ಮೇಲೆ ಇಪ್ಪತ್ನಾಲ್ಕು ಎಂದು ಹೊಳೆಯುತ್ತಿತ್ತು. ಅರವತ್ತೊಂದಕ್ಕೂ ಇಪ್ಪತ್ನಾಲ್ಕಕ್ಕೂ ನಡುವಿನ ಸಂಬಂಧ ಬಾಯಿಯವರ ತಲೆಯಲ್ಲಿ ಆಗಲೇ ಕೂಡಿ ಆಗಿತ್ತು, ಎರಡೂವರೆ ಮೇಲೊಂದು ಚೂರು. ಮಶೀನು ಸೆಂಟಿಮೀಟರಿನ ಮನೆಯದು. ಆದರೆ ಪರದೇಶದವರು ಬರೀ ಅಂಕಿ ಬರೆದು ಬಿಡುವವರಲ್ಲ, ಪಕ್ಕದಲ್ಲಿ ಅಡ್ಡಹೆಸರು ಇರಲೇಬೇಕು ಎಂದು ಬಗ್ಗಿ ನೋಡಿದರು. ಅಂಕಿಯ ಬಲಗಡೆ, ಅಕ್ಷರ ಇರಬೇಕಾದ ಜಾಗದಲ್ಲಿ, ದಪ್ಪನೆಯ ಒಂದು ಕುಂಕುಮದ ಬೊಟ್ಟಿತ್ತು. ಮಶೀನಿನ ಎಣ್ಣೆ, ಹತ್ತಿಯ ಧೂಳು ಕುಡಿದು ಅದು ಬಣ್ಣ ಬಳಿದ ಹಾಗೆ ಗಟ್ಟಿಯಾಗಿತ್ತು. ಪೂಜೆಯ ಕುಂಕುಮ; ದಿನಾ ಮಶೀನು ಒರೆಸುವವರೂ ಆ ಬೊಟ್ಟನ್ನು ಮಾತ್ರ ಬಿಟ್ಟು ಸುತ್ತಲೂ ಒರೆಸಿದ್ದರು.

ಬಾಯಿಯವರಿಗೆ ದಸರೆಯ ಮುಂಜಾನೆ ನೆನಪಾಯಿತು. ಹೂ ಏರಿಸಿ, ಕಾಯಿ ಒಡೆದು, ಹಿತ್ತಾಳೆಯ ಬಟ್ಟಲಿನಿಂದ ಕುಂಕುಮ ತೆಗೆದು, ಮಶೀನಿನ ಹಣೆ ಎಂದರೆ ಇದೇ ಎಂದು ಆ ಫಲಕಕ್ಕೆ ಹೆಬ್ಬೆರಳು ಒತ್ತಿದ್ದು ಅವರೇ.

ಆ ಕ್ಷಣಕ್ಕೆ ಅವರು ಸುಮ್ಮನಿದ್ದಿದ್ದರೆ ನಡೆದು ಹೋಗುತ್ತಿತ್ತು. ಇದು ಸೆಂಟಿಮೀಟರಿನ ಲೆಕ್ಕ ಎಂದಷ್ಟೇ ಹೇಳಿದ್ದರೆ ಮಾತು ಭರಮಪ್ಪನ ಮೇಲೆ ಬೀಳುತ್ತಿತ್ತು, ಇಲ್ಲವೇ ಕೇಳದೆ ಬಿಟ್ಟ ಹುಡುಗಿಯ ಮೇಲೇ ಉಳಿಯುತ್ತಿತ್ತು. ಯಾರೂ ಬೊಟ್ಟಿನ ಕಡೆ ಬೆರಳು ತೋರಿಸುತ್ತಿರಲಿಲ್ಲ. ಬಾಯಿಯವರು ಮಶೀನಿಗೆ ಕೈಮುಗಿದರು, ಸೆರಗಿನ ತುದಿಗೆ ಎಣ್ಣೆ ಹಚ್ಚಿಕೊಂಡು ಕುಂಕುಮ ಒರೆಸತೊಡಗಿದರು. ಸಣ್ಣ ಅಕ್ಷರಗಳು ಒಂದೊಂದಾಗಿ ಹೊರಗೆ ಬಂದವು: ಸೆಂಟಿಮೀಟರಿಗೆ.

“ಸುಕುಮಾರಣ್ಣಾ, ಈ ಬೊಟ್ಟ ಯಾರ ಹಚ್ಚಿದ್ದು?”

“ನೀವ ಅಲ್ಲೇನ್ರಿ, ದಸರಾಕ್ಕ” ಎಂದರು ಅವರು, ಮಾತು ಎಲ್ಲಿಗೆ ಹೊರಟಿದೆ ಎಂದು ತಿಳಿಯದೆ.

“ಹೌದಲ್ಲ. ಇಷ್ಟ ವರ್ಷ ಅಂಕಿಗೆ ಅಡ್ಡಹೆಸರ ಕೇಳ್ರಿ ಅಂತ ಎಲ್ಲಾರಿಗಿ ಹೇಳಕೋತ ಬಂದಾಕಿ, ನಾನ ನನ್ನ ಕೈಲೆ ಅದನ್ನ ಮುಚ್ಚಿ ಹೋಗೇನಿ. ಈಗ ಹೇಳ್ರಿ, ಕೆಳಗ ಮಗ್ಗಕ್ಕ ಯಾರನ್ನ ನಿಲ್ಲಸ್ತೀರಿ? ನಾ ತಯಾರದೇನಿ. ನನಗ ನಡಸಾಕ ಬರೂದಿಲ್ಲ, ಚೆನ್ನವ್ವನ ಕಲಸಬೇಕಾಗತದ.”

ಚೆನ್ನವ್ವ ಹಿಂದಿನಿಂದ ಮೆಲ್ಲಗೆ, “ನೀವು ನಿಂತ್ರ ದಿನಕ್ಕ ಅರ್ಧಾ ಎಳಿ ಹರಿತಾವ್ರಿ ಬಾಯಾರ, ಮಾಲಕರಿಗಿ ಗಿಟ್ಟೂದಿಲ್ಲ” ಎಂದಳು. ಮೊದಲು ಭರಮಪ್ಪ ನಕ್ಕ, ಆಮೇಲೆ ಸುಕುಮಾರರಿಗೂ ತಡೆಯಲಾಗಲಿಲ್ಲ. ಮಾದರಿ ಬೇಡ ಎಂದದ್ದು ತಾವು ಎಂಬುದು ಅವರಿಗೂ ನೆನಪಾಗಿರಬೇಕು, ನಗುತ್ತಲೇ ಅದನ್ನು ಹೇಳಿಬಿಟ್ಟರು.

ಚೆನ್ನವ್ವನಿಗೆ ಕೊಟ್ಟ ಮಾತನ್ನು ಬಾಯಿಯವರು ಮರೆಯಲಿಲ್ಲ. ರೂಪಾಲಿಯನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು: “ನನ್ನ ತಪ್ಪ ನಾ ಹೇಳಿದ್ನಿ. ನಿಂದೂ ಒಂದ ಐತಿ. ಮುಚ್ಚಿದ್ದಾಕಿ ನಾ, ಕೇಳದ ಬಿಟ್ಟಾಕಿ ನೀ. ಹೊಸಾ ಮಶೀನ ಬಂದೈತಿ, ಮೆಟ್ಟಲಾ ಇಳದ ಒಮ್ಮೆ ನೋಡಿದ್ರ ಕಾಲ ಸವಿತಿದ್ದಿಲ್ಲ.”

“ಹೌದ್ರಿ” ಎಂದಳು ರೂಪಾಲಿ. ಆ ದಿನ ಅವಳು ಮೊದಲ ಸಲ ತಲೆ ಎತ್ತಿದ್ದು ಆಗ.

ಇಪ್ಪತ್ನಾಲ್ಕನ್ನು ಎರಡು ಪಾಯಿಂಟ್ ಐದು ನಾಲ್ಕರಿಂದ ಗುಣಿಸಿ ಇಂಚಿಗೆ ಅರವತ್ತೊಂದೆಂದು ಹಿಡಿದು ಚಿತ್ರವನ್ನು ಮತ್ತೆ ಮಾಡುವ ಕೆಲಸ ಅಷ್ಟೇನೂ ದೊಡ್ಡದಲ್ಲ. ಬಾಯಿಯವರು ಮಾಡಿದ್ದರೆ ಚಹಾ ಆರುವುದರೊಳಗೆ ಆಗುತ್ತಿತ್ತು. ಅವರು ಮೌಸು ಮುಟ್ಟಲಿಲ್ಲ. ಸುಕುಮಾರರನ್ನೂ ಪಕ್ಕಕ್ಕೆ ಕೂರಿಸಿಕೊಂಡು, ರೂಪಾಲಿಯ ಕೈಯಿಂದಲೇ ಎಲ್ಲ ಮಾಡಿಸಿ, ಒಂದೊಂದು ಅಂಕಿಗೂ ಅವಳ ಬಾಯಿಂದಲೇ ಅಡ್ಡಹೆಸರು ಹೇಳಿಸಿ, ಮಾದರಿ ತುಂಡು ನೇಯಿಸಿ, ಬಳೆ ಇಟ್ಟು ತೋರಿಸಿ ಎದ್ದು ಬಂದರು. ಆನೆ ಆನೆಯಾಗಿಯೇ ಬಸದಿಗೆ ಹೋಯಿತು, ಹಿರಿಯರು ಹೊದ್ದರು. ರೂಪಾಲಿ ಮೇಲಿನ ಕೋಣೆಯಲ್ಲೇ ಉಳಿದಳು.

ಎಮ್ಮೆ ಬಿದ್ದ ತಾಗಾದಿಂದ ಒಂದು ತುಂಡನ್ನು ಬಾಯಿಯವರು ಕೇಳಿ ಪಡೆದು ತಂದು, ತರಗತಿಯ ತಮ್ಮ ಕಂಪ್ಯೂಟರಿಗೆ ಹೊದಿಕೆ ಮಾಡಿದರು. ಪ್ರತಿ ವರ್ಷ ಹೊಸ ಹುಡುಗರು ಬಂದು, ಇದೇನ್ರಿ ಬಾಯಾರ ಎಮ್ಮಿ ಎಂದು ಕೇಳಬೇಕು, ಅವರು ಕುಂಕುಮದ ಕಥೆ ಹೇಳಬೇಕು. ವರ್ಷದ ಪಾಠ ಅಲ್ಲಿಂದ ಶುರು. ಅಂದಿನಿಂದ ಇಚಲಕರಂಜಿಯ ಎಷ್ಟೋ ಕಾರಖಾನೆಗಳಲ್ಲಿ ದಸರೆಯ ಕುಂಕುಮ ಮಶೀನಿನ ಹಣೆಗೆ ಬೀಳುವುದಿಲ್ಲ, ಕಾಲಿಗೆ ಬೀಳುತ್ತದೆ. ಯಾಕೆಂದು ಕೇಳಿದರೆ ಬಾಯಿಯವರ ಹೆಸರು ಹೇಳುತ್ತಾರೆ.

ಆ ಘಟನೆ ಬಾಯಿಯವರನ್ನು ಇನ್ನಷ್ಟು ಓಡಾಡುವಂತೆ ಮಾಡಿತು. ಕಲಿಯಲು ಬರುವವರಿಗಷ್ಟೇ ಹೇಳಿದರೆ ಸಾಲದು, ಬರಲಾರದವರ ಬಳಿಗೆ ತಾವೇ ಹೋಗಬೇಕು ಎಂದು ಗಡಹಿಂಗ್ಲಜದಲ್ಲಿ ರವಿವಾರದ ತರಗತಿ ಆರಂಭಿಸಿದರು. ಫೋಟೋ ಸ್ಟುಡಿಯೊದವರು, ಸಣ್ಣ ಪ್ರೆಸ್ಸಿನವರು, ಲೇಬಲ್ಲು ಮಾಡುವವರು ಬರತೊಡಗಿದರು. ಕೋವಾಡದ ಬಸವಂತ ಗೋಡಂಬಿ ಪೊಟ್ಟಣಗಳಿಗೆ ಲೇಬಲ್ಲು ಅಚ್ಚು ಮಾಡಿಕೊಡುವವರು. ಅವರ ಲೇಬಲ್ಲಿನ ಪಟ್ಟೆಪಟ್ಟೆ ಗುರುತನ್ನು, ಅಂದರೆ ಬಾರ್‌ಕೋಡನ್ನು, ಅಂಗಡಿಯ ಮಶೀನು ಓದುತ್ತಲೇ ಇರಲಿಲ್ಲ. ಗಿರಾಕಿಗಳು ಕೈಬಿಡುವ ಹಂತಕ್ಕೆ ಬಂದಿದ್ದರು. ಪ್ರಿಂಟರಿನ ಮೇಲೆ ಎಂಟು ಎಂದು ಬರೆದಿದೆ, ಎಂಟು ಡಿಪಿಐ ಎಲ್ಲಾದರೂ ಉಂಟೇ ಎಂದು ಅದನ್ನು ಲೆಕ್ಕಕ್ಕೇ ಹಿಡಿಯದೆ ಮುನ್ನೂರಕ್ಕೆ ಚಿತ್ರ ಮಾಡುತ್ತಿದ್ದರು. ಬಾಯಿಯವರು ಕೋವಾಡಕ್ಕೇ ಬಸ್ಸು ಹತ್ತಿ ಹೋಗಿ ನೋಡಿದರು. ಅದು ಮಿಲಿಮೀಟರಿನ ಎಂಟು, ಮಿಲಿಮೀಟರಿಗೆ ಎಂಟು ಬಿಂದು. ಇಂಚಿಗೆ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರು, ಆದ್ದರಿಂದ ಇಂಚಿಗೆ ಇನ್ನೂರಾ ಮೂರು. ಅಷ್ಟಕ್ಕೆ ಸರಿಯಾಗಿ ಮಾಡಿದ ಮೊದಲ ಲೇಬಲ್ಲನ್ನು ಮಶೀನು ಒಂದೇ ಸಲಕ್ಕೆ ಓದಿತು. ಬಸವಂತರು ಕೊಟ್ಟ ಗೋಡಂಬಿ ಪೊಟ್ಟಣವನ್ನು ಬಾಯಿಯವರು ಮರಳಿ ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ಹಂಚಿದರಂತೆ.

ಈ ಮೇ ತಿಂಗಳಲ್ಲಿ ಕೇಂದ್ರದ ಸಭಾಗೃಹದಲ್ಲಿ ಅವರ ಬೀಳ್ಕೊಡುಗೆ ನಡೆಯಿತು. ಅವರ ಜಾಗಕ್ಕೆ ಕಲಿಸಲು ನೇಮಕವಾದವಳು ರೂಪಾಲಿ. ಗುರುವಿಗೆ ಹೊದಿಸುವ ಶಾಲನ್ನು ಅವಳೇ ನೇಯಿಸಿ ತಂದಿದ್ದಳು: ನಡುವೆ ಕಲಶ ಹೊತ್ತ ಅದೇ ಆನೆ, ಅಂಚಿಗೆ ಅದೇ ಚಕ್ರಗಳು. ಅಧ್ಯಕ್ಷರು ಶಾಲು ಬಿಡಿಸಿ ಹೊದಿಸಲು ಬಂದಾಗ ಬಾಯಿಯವರು ಕೈ ಅಡ್ಡ ಮಾಡಿ, “ಜರಾ ತಡೀರಿ, ನೋಡದ ಹೊಚ್ಚಿಕೊಳ್ಳಾಕಿ ಅಲ್ಲ ನಾ” ಎಂದು ಶಾಲನ್ನು ಮೇಜಿನ ಮೇಲೆ ಹಾಸಿ, ಬಳೆ ತೆಗೆಯಲು ಹೋದರು. ಬಳೆ ಬರಲಿಲ್ಲ. ವಯಸ್ಸಿಗೆ ಗೆಣ್ಣು ದಪ್ಪಗಾಗಿವೆ. ಎಳೆದರು, ತಿರುವಿದರು, ಸಭೆ ಕಾಯುತ್ತಿತ್ತು. ರೂಪಾಲಿಯ ಮುಖದಲ್ಲಿ ಹಳೆಯ ಆ ಬೆಳಗಿನ ಬಣ್ಣ ಬಂತು.

ಮುಂದಿನ ಸಾಲಿನಿಂದ ಚೆನ್ನವ್ವ ಎದ್ದಳು. ಈಗಲೂ ಅವಳು ಸುಕುಮಾರರ ಶೆಡ್ಡಿನಲ್ಲೇ ಮಗ್ಗ ನಡೆಸುತ್ತಾಳೆ. ವೇದಿಕೆ ಹತ್ತಿ, ತನ್ನ ಕೈಯ ಹಸಿರು ಗಾಜಿನ ಬಳೆ ಜಾರಿಸಿ, “ನಂದೂ ಎರಡು-ಆರರದ ಐತ್ರಿ ಬಾಯಾರ” ಎಂದಳು.

“ಆರು ಏನು?” ಎಂದರು ಬಾಯಿ, ಬಿಡದೆ.

“ಇಂಚಿನ ಹದಿನಾರ ಪಾಲಿನ್ಯಾಗ ಆರು. ಮನ್ಯಾಗ ದಿನಾ ಕೇಳಿ ಕೇಳಿ ನನಗೂ ಪಾಠ ಆಗೈತಿ.”

ಇಡು ಎಂದು ಬಾಯಿಯವರು ಸನ್ನೆ ಮಾಡಿದರು. ಚೆನ್ನವ್ವ ಮಗಳು ನೇಯಿಸಿದ ಚಕ್ರದ ಮೇಲೆ ತನ್ನ ಬಳೆ ಇಟ್ಟಳು. ಎಡಕ್ಕೆ ಬಲಕ್ಕೆ ಕೂಡಿತು, ಮೇಲೆ ಕೆಳಗೆ ಕೂಡಿತು. ಬಾಯಿಯವರು ಕನ್ನಡಕ ಸರಿಸಿ ನೋಡಿ, “ಬರೋಬರ” ಎಂದು ಒಂದೇ ಮಾತು ಹೇಳಿ, ಹೊದಿಸಲು ಬೆನ್ನು ಕೊಟ್ಟರು. ಹೊದಿಸಿದ್ದು ಅಧ್ಯಕ್ಷರಲ್ಲ, ಅವರು ಶಾಲಿನ ಒಂದು ತುದಿಯನ್ನು ತಾಯಿಯ ಕೈಗೂ ಇನ್ನೊಂದನ್ನು ಮಗಳ ಕೈಗೂ ಕೊಟ್ಟು ಹಿಂದೆ ಸರಿದರು. ಆಮೇಲೆ ಬಾಯಿಯವರು ಚೀಲದಿಂದ ಮಡಿಸಿದ ಎಮ್ಮೆಯ ಹೊದಿಕೆ ತೆಗೆದು ರೂಪಾಲಿಗೆ ಕೊಟ್ಟರು. ಜೂನಿನಿಂದ ಅದು ಅವಳ ಮೇಜಿನ ಮೇಲಿದೆ.

ಇಂಥ ಲೇಖನದ ಕೊನೆಗೆ ಛಾಯಾಬಾಯಿಯವರು ನೂರು ಬಾಳಲಿ ಎಂದು ಬರೆಯುವುದು ವಾಡಿಕೆ. ಹಾಗೆ ಬರೆದು ಬಿಟ್ಟರೆ ಅವರು ಪುಸ್ತಕ ತೆರೆದು, ಕನ್ನಡಕ ಸರಿಸಿ, ನೂರು ಏನು ಎಂದು ಕೇಳುವುದು ಖಂಡಿತ. ಆದ್ದರಿಂದ ಅಡ್ಡಹೆಸರು ಸಮೇತ ಬರೆಯುತ್ತೇವೆ: ನೂರು ವರ್ಷ, ಭೂತಗನ್ನಡಿ ಇಟ್ಟು ಎಳೆ ಎಣಿಸುವಷ್ಟು ಕಣ್ಣು ಚುರುಕಾಗಿರುವ ವರ್ಷ, ರವಿವಾರ ಗಡಹಿಂಗ್ಲಜದ ಬಸ್ಸು ಹತ್ತುವಷ್ಟು ಕಾಲು ಗಟ್ಟಿಯಾಗಿರುವ ವರ್ಷ, ತಪ್ಪು ತಮ್ಮದಾದರೆ ತಮ್ಮದೆಂದು ಹೇಳುವ ಅದೇ ಬಾಯಿ ಇರುವ ವರ್ಷ. ಒಂದೂ ಕಡಿಮೆಯಾಗದಿರಲಿ.